ಪಾರಿವಾಳದ ಕುತ್ತಿಗೆಯ ಹೊಳಪು, ಮದುಮಗಳ ಕೆನ್ನೆಗೆ

ಈ ಏಪ್ರಿಲ್‌ನಲ್ಲಿ ಕಾಸರಗೋಡು ಕಡೆಯ ಕುಂಬಳೆಯ ಒಂದು ಮದುವೆ, ಮದುಮಗಳ ಮೇಕಪ್ ನನ್ನದು. ಫೋಟೋ ತೆಗೆಯುವ ಹುಡುಗ ಕ್ಯಾಮೆರಾ ಕೆಳಗಿಳಿಸಿ ನನ್ನನ್ನು ಕೇಳಿದ, "ಅಕ್ಕ, ಕೆನ್ನೆಗೆ ಎಂಥ ಹಾಕಿದ್ದೀರಿ? ತಲೆ ತಿರುಗಿಸಿದ ಕೂಡ್ಲೆ ಗುಲಾಬಿ ಹೋಗಿ ಚಿನ್ನ ಬರ್ತದೆ!" ಈ ಒಂದು ಮಾತು ಕೇಳಲು ನಾನು ಎರಡು ವರ್ಷ ಕಾದಿದ್ದೆ.

ಡ್ಯುವೋಕ್ರೋಮ್ ಹೈಲೈಟರ್, ಅಂದರೆ ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುವ ಹೊಳಪಿನ ಪುಡಿ, ನಮ್ಮ ಕಡೆಯ ಬ್ಯೂಟಿಷಿಯನ್‌ಗಳಿಗೆ ಅಷ್ಟಕ್ಕಷ್ಟೇ. ಅದು ಬಿಳಿ ಚರ್ಮದವರಿಗೆ, ರೀಲ್ಸ್‌ಗೆ, ನಮ್ಮ ಬಣ್ಣಕ್ಕೂ ನಮ್ಮ ಬೆವರಿಗೂ ಆಗುವುದಲ್ಲ ಅನ್ನುತ್ತಿದ್ದರು. ನನಗೆ ಕೆಲಸ ಕಲಿಸಿದ ಅಕ್ಕನೂ "ಸುಮ್ನೆ ದುಡ್ಡು ಹಾಳು ಮಾಡ್ಬೇಡ ಮಾರಾಯ್ತಿ, ಷಾಂಪೇನ್ ಶೇಡ್ ಸಾಕು" ಅಂದಿದ್ದರು. ಷಾಂಪೇನ್ ಅಂದರೆ ಮಾಮೂಲಿ ತಿಳಿ ಚಿನ್ನದ ಹೊಳಪು. ನನ್ನ ಅನುಭವದಲ್ಲಿ ವಿಷಯ ಉಲ್ಟಾ ಉಂಟು. ಈ ಹೊಳಪು ಚೆನ್ನಾಗಿ ಕಾಣುವುದೇ ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದ ಮೇಲೆ.

ಮೊದಲ ಸಲ ಸೋತದ್ದು ಬದಿಯಡ್ಕದ ಹತ್ತಿರ. ಮಂಗಳೂರಿನ ಒಂದು ಅಂಗಡಿಯಿಂದ 350 ರೂಪಾಯಿಯ ಪ್ಯಾಲೆಟ್ ತಂದಿದ್ದೆ. ಹುಡುಗಿ ಸ್ವಲ್ಪ ಬೆಳ್ಳಗೆ ಕಾಣಬೇಕು ಅಂತ ಮನೆಯವರು ಹೇಳಿದ್ದರಿಂದ ಬೇಸ್ (ಫೌಂಡೇಶನ್) ಅವಳ ಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗಿನದ್ದು ಹಾಕಿದೆ. ಅದರ ಮೇಲೆ ಹಸಿರು-ಚಿನ್ನದ ಹೈಲೈಟರ್. ಪಾರ್ಲರ್ ಕನ್ನಡಿಯಲ್ಲಿ ಚಂದ ಇತ್ತು. ಹಾಲ್‌ನ ಬಿಳಿ ಎಲ್‌ಇಡಿ ಕೆಳಗೆ ಎದುರಿನಿಂದ ನೋಡಿದರೆ ಸುಣ್ಣ, ಬದಿಯಿಂದ ನೋಡಿದರೆ ಪಾಚಿ. ಹುಡುಗಿಯ ಅಮ್ಮ ಎಲ್ಲರ ಎದುರೇ "ಮಗಳಿಗೆ ಜ್ವರ ಬಂದವರ ಹಾಗೆ ಉಂಟಲ್ವಾ" ಅಂದರು. ಮಾತಾಡಿದ್ದು ಎಂಟು ಸಾವಿರ, ಕೈಗೆ ಬಂದದ್ದು ಆರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಟಿ ತಿಂಗಳಲ್ಲಿ ನಮಗೆ ಮದುವೆ ಕೆಲಸ ಇಲ್ಲ. ಹೊರಗೆ ಮಳೆ, ಒಳಗೆ ನಾನು, ಡಬ್ಬಿಗಳು. ಕೈಯ ಮೇಲೆ ಸ್ವಾಚ್ ಹಾಕಿ ಹಾಕಿ, ಅಂದರೆ ಬಣ್ಣ ಒರೆಸಿ ನೋಡಿ ನೋಡಿ, ಸಾಕಾಗಿತ್ತು. ಒಂದು ದಿನ ಬೆರಳಿನಲ್ಲಿ ಉಳಿದದ್ದನ್ನು ಮುರಿದ ಕೊಡೆಯ ಕಪ್ಪು ಬಟ್ಟೆಗೆ ಒರೆಸಿದೆ. ಕೈಯ ಮೇಲೆ ಬೆಳ್ಳಗೆ ಕಂಡಿದ್ದ ಶೇಡ್ ಅಲ್ಲಿ ಪಾರಿವಾಳದ ಕುತ್ತಿಗೆಯ ಹಾಗೆ ನೇರಳೆ ಹೊಳೆಯಿತು! ಈ ಪುಡಿಯಲ್ಲಿ ಇರುವುದು ಅಭ್ರಕದ ಚೂರು, ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ತೆಳು ಪದರ. ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ಯಾವ ಬಣ್ಣ ಹೊಳೆಯುತ್ತದೆ ಅನ್ನುವುದು. ಕೆಳಗೆ ಬಿಳಿ ಇದ್ದರೆ ಆ ಬಣ್ಣ ತೊಳೆದು ಹೋಗುತ್ತದೆ, ಕೆಳಗೆ ಗಾಢ ಇದ್ದರೆ ಎದ್ದು ಬರುತ್ತದೆ. ಬದಿಯಡ್ಕದಲ್ಲಿ ತಪ್ಪಿದ್ದು ಡಬ್ಬಿ ಅಲ್ಲ, ನನ್ನ ಬೆಳ್ಳಗಿನ ಬೇಸ್.

ಆಮೇಲೆ ಇದ್ದದ್ದನ್ನೆಲ್ಲ ಅದೇ ಬಟ್ಟೆಯ ಮೇಲೆ ಸಾಲಾಗಿ ಒರೆಸಿದೆ. 350ರ ಪ್ಯಾಲೆಟ್‌ನಲ್ಲಿ ಆರು ಶೇಡ್ ಇದ್ದರೂ ನಾಲ್ಕು ಒಂದೇ ಬಿಳಿ-ಚಿನ್ನ. ಮೇಲೆ ದಪ್ಪ ಗ್ಲಿಟರ್ ಬೇರೆ, ಕೆನ್ನೆಯ ರಂಧ್ರ ಎಲ್ಲ ತೋರಿಸುವಂಥದ್ದು. ಅಣ್ಣ ಶಾರ್ಜಾದಿಂದ ತಂದ ಅನಸ್ತೇಸಿಯಾ ಬೆವರ್ಲಿ ಹಿಲ್ಸ್ ಕಂಪನಿಯ ಮೂನ್‌ಚೈಲ್ಡ್ ಕಿಟ್‌ನಲ್ಲಿ ಆರಕ್ಕೆ ಆರೂ ಬೇರೆ ಬೇರೆ ಕಂಡವು. ಅದಕ್ಕೆ ಸುಮಾರು ಮೂರೂವರೆ ಸಾವಿರ ಕೊಟ್ಟ ನೆನಪು. ಎಲ್ಲಕ್ಕಿಂತ ಜೋರು ಅಂದರೆ ಆನ್‌ಲೈನ್‌ನಲ್ಲಿ ತರಿಸಿದ ಮಲ್ಟಿಕ್ರೋಮ್ ಪುಡಿ. ಕೆಂಪು, ತಾಮ್ರ, ಹಸಿರು, ಮೂರೂ ತೋರಿಸುತ್ತದೆ. ಆದರೆ ಸೀರೆಗೆ ಉದುರಿತೋ, ಮುಗಿಯಿತು ಕಥೆ. ಒಂದು ಮಾತು, ರೆಸಿನ್ ಕರಕುಶಲ ಕೆಲಸಕ್ಕೆ ಮಾರುವ ಅಭ್ರಕದ ಪುಡಿ ಅಗ್ಗ ಅಂತ ಮುಖಕ್ಕೆ ಹಾಕಬೇಡಿ. ಅದು ಚರ್ಮಕ್ಕೆ ಅಂತ ಮಾಡಿದ್ದಲ್ಲ.

ಮಾವ ಯಕ್ಷಗಾನ ವೇಷಧಾರಿ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣವನ್ನು ತೆಂಗಿನೆಣ್ಣೆಯಲ್ಲಿ ಕಲಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಾನೂ ಆ ಮಲ್ಟಿಕ್ರೋಮ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನನ್ನ ಕೆನ್ನೆಗೇ ಹಚ್ಚಿದೆ. ಹೊಳಪು ಅಂದರೆ ಹೊಳಪು! ಕಾಲು ಗಂಟೆಯಲ್ಲಿ ಬಾಯಿಯ ಹತ್ತಿರ ಇಳಿದಿತ್ತು. ಲೋಳೆಸರದಲ್ಲಿ ಕಲಸಿದ್ದು ಒಣಗಿ ಹೊಪ್ಪಳೆ ಎದ್ದಿತು. ಆದರೆ ಮಾವ ಹೇಳಿದ ಒಂದು ಮಾತು ಉಪಯೋಗಕ್ಕೆ ಬಂತು. "ವೇಷ ಕನ್ನಡಿಗಲ್ಲ, ಎದುರು ಕೂತವರಿಗೆ." ಈಗ ನಾನು ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಹತ್ತು ಅಡಿ ಹಿಂದೆ ಹೋಗಿ, ಒಂದೇ ಲೈಟ್ ಹಾಕಿ ನೋಡುತ್ತೇನೆ. ಹಾಲ್‌ಗೆ ಮೊದಲೇ ಹೋಗಲು ಆದರೆ ಇನ್ನೂ ಒಳ್ಳೆಯದು.

ನನ್ನ ಕ್ರಮ ಹೀಗೆ. ಬೇಸ್ ಅವಳದೇ ಬಣ್ಣದ್ದು. ಮನೆಯವರು ಎಷ್ಟೇ ಹೇಳಲಿ, ಇದರಲ್ಲಿ ನಾನು ಬಗ್ಗುವುದಿಲ್ಲ. ಕೆನ್ನೆಯ ಎಲುಬಿನ ಮೇಲೆ, ಹೈಲೈಟರ್ ಬರುವ ಜಾಗಕ್ಕೆ ಮಾತ್ರ, ಎರಡು ಶೇಡ್ ಗಾಢದ ಕ್ರೀಮ್ ಬ್ರಾನ್ಜರ್ (ಕಂದು ಬಣ್ಣದ ಕ್ರೀಮ್) ತೆಳ್ಳಗೆ. ಅಲ್ಲಿಗೆ ಕಾಂಪ್ಯಾಕ್ಟ್ ಪೌಡರ್ ಮುಟ್ಟಿಸಬಾರದು. ಚಪ್ಪಟೆ ಬ್ರಷ್‌ಗೆ ಸೆಟ್ಟಿಂಗ್ ಸ್ಪ್ರೇ (ಮೇಕಪ್ ನಿಲ್ಲಿಸುವ ದ್ರವ) ಹೊಡೆದು, ಪುಡಿ ತೆಗೆದು, ಒತ್ತಿ ಕೂರಿಸಬೇಕು, ಉಜ್ಜಬಾರದು. ಮೂಗಿಗೆ ಬೇಡ, ನಮ್ಮ ಸೆಕೆಗೆ ಅಲ್ಲಿ ಮೊದಲು ಎಣ್ಣೆ ಬಿಡುತ್ತದೆ. ಕ್ರೀಮ್‌ಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಒಂದು ಇಡೀ ಮಳೆಗಾಲ ಕೊಟ್ಟಿದ್ದೇನೆ.

ಶೇಡ್ ವಿಷಯದಲ್ಲಿ ಗುಲಾಬಿ-ಚಿನ್ನ ಗೋಧಿ ಬಣ್ಣಕ್ಕೆ ಯಾವತ್ತೂ ಕೈಕೊಟ್ಟಿಲ್ಲ. ಹಸಿರು-ಚಿನ್ನ ಕಪ್ಪು ಹುಡುಗಿಯರಿಗೆ ದೇವತೆಯ ಕಳೆ ಕೊಡುತ್ತದೆ, ಬೆಳ್ಳಗಿನವರಿಗೆ ಬೇಡ. ಹಿಂದಿನ ದಿನದ ಅರಶಿನ ಮುಖದಲ್ಲಿ ಉಳಿದಿದ್ದರೆ ನೀಲಿಯ ತಂಟೆಗೆ ಹೋಗಬೇಡಿ. ಹಳದಿಯ ಮೇಲೆ ನೀಲಿ ಹೊಳಪು ಬೂದಿ ಬಳಿದ ಹಾಗೆ ಕಾಣುತ್ತದೆ. ನೀರ್ಚಾಲಿನ ಒಂದು ಮದುವೆಯಲ್ಲಿ ನನಗೆ ಹೀಗಾಗಿ, ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಕೆನ್ನೆ ಪೂರ್ತಿ ಒರೆಸಿ ಪುನಃ ಮಾಡಿದ್ದೆ. ಫೋಟೋದವರಿಗೂ ಮೊದಲೇ ಹೇಳಿ. ಎದುರಿನ ಫ್ಲ್ಯಾಶ್‌ನಲ್ಲಿ ಒಂದೇ ಬಣ್ಣ ಬರುತ್ತದೆ, ಲೈಟ್ ಬದಿಯಿಂದ ಬಂದು ಮುಖ ತಿರುಗಿದರೆ ಆಟ ಕಾಣುತ್ತದೆ.

ಎರಡು ವರ್ಷದಲ್ಲಿ ಇದಕ್ಕೆ ಸುರಿದದ್ದು ಹದಿನಾಲ್ಕು ಸಾವಿರದ ಹತ್ತಿರ. ಈ ಸೀಸನ್‌ನಲ್ಲಿ ಒಂಬತ್ತೋ ಹತ್ತೋ ಮದುಮಗಳಿಗೆ ಮಾಡಿದೆ, ತಲಾ ಹನ್ನೊಂದರಿಂದ ಹನ್ನೆರಡು ಸಾವಿರ. ಒಬ್ಬರೂ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಷಾಂಪೇನ್ ಸಾಕು ಅಂದಿದ್ದ ಅಕ್ಕ ವರ್ಕಾಡಿಯ ಒಂದು ಮದುವೆಗೆ ಯಾವ ಶೇಡ್ ಅಂತ ಫೋನ್ ಮಾಡಿ ಕೇಳಿದರು. ಖುಷಿಯಿಂದ ಹೇಳಿದೆ.

ಈಗ ನನ್ನ ತಲೆಯಲ್ಲಿ ಇರುವುದು ಎರಡು ಬಣ್ಣದ ರೇಷ್ಮೆ ಸೀರೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಒಂದು ಬಣ್ಣದ ನೂಲು ಹಾಕಿ ನೇಯುವಂಥದ್ದು. ನಡೆದಾಗ ಅದೂ ಬಣ್ಣ ಬದಲಿಸುತ್ತದೆ ಅಲ್ವಾ? ಅದರ ಒಳ ಬಣ್ಣವೇ ಕೆನ್ನೆಯಲ್ಲೂ ಹೊಳೆಯಬೇಕು. ಮುಂದಿನ ವಾರ ಮಂಜೇಶ್ವರದಲ್ಲಿ ಒಂದು ಹುಡುಗಿ, ಹಸಿರು-ನೇರಳೆ ಸೀರೆ. ಮೂರು ದಿನದಿಂದ ಕೊಡೆ ಬಟ್ಟೆಯ ಮೇಲೆ ನೇರಳೆಗಳನ್ನು ಒರೆಸಿ ಒರೆಸಿ ನೋಡುತ್ತಾ ಇದ್ದೇನೆ.