ಕಿಡ್ನಿ ಕಸಿಯ ನಂತರ ಸಕ್ಕರೆ ಕಾಯಿಲೆ: ಮಲೆನಾಡಿನ ಮನೆಗಳಲ್ಲಿ ಪಾಲಿಸಬೇಕಾದ ಕ್ರಮ

ಮೊದಲು ಸಕ್ಕರೆ ಕಾಯಿಲೆ ಇರದಿದ್ದವರಲ್ಲಿಯೂ ಕಿಡ್ನಿ ಕಸಿಯ ನಂತರ ಅದು ಕಾಣಿಸಿಕೊಳ್ಳುವುದುಂಟು. ಹೊಸ ಕಿಡ್ನಿಯನ್ನು ದೇಹವು ತಿರಸ್ಕರಿಸದಿರಲೆಂದು ಕೊಡುವ ಔಷಧಿಗಳೇ ಇದಕ್ಕೆ ಮುಖ್ಯ ಕಾರಣ. ಇವುಗಳಲ್ಲಿ ಟ್ಯಾಕ್ರೋಲಿಮಸ್ ಎಂಬುದು ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ, ಪ್ರೆಡ್ನಿಸೋಲೋನ್ ಎಂಬುದು ಇನ್ಸುಲಿನ್ನಿನ ಪರಿಣಾಮವನ್ನು ಕುಗ್ಗಿಸುತ್ತದೆ. ಡಯಾಲಿಸಿಸ್ ಕಾಲದಲ್ಲಿ ಇಂಗಿಹೋಗಿದ್ದ ಹಸಿವು ಮರಳಿ ತೂಕ ಏರುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಹಾಗೆಂದು ಸಕ್ಕರೆ ಏರಿತೆಂಬ ಭಯದಿಂದ ಈ ಮಾತ್ರೆಗಳನ್ನು ತಾವಾಗಿಯೇ ಕಡಿಮೆ ಮಾಡಿದರೆ ಕಿಡ್ನಿಯನ್ನೇ ಕಳೆದುಕೊಳ್ಳಬೇಕಾಗಬಹುದು. ಪ್ರಮಾಣವನ್ನು ಬದಲಿಸಬೇಕಾದವರು ಕಸಿ ತಂಡದ ವೈದ್ಯರು ಮಾತ್ರ.

ಮನೆಯಲ್ಲಿ ರಕ್ತದ ಸಕ್ಕರೆ ಅಳೆಯುವ ಒಂದು ಗ್ಲುಕೋಮೀಟರ್ ಇರಲೇಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಪರೀಕ್ಷಿಸಿ ಸಮಾಧಾನಪಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆಯನ್ನು ಏರಿಸುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಅದು ಇಳಿದಿರುತ್ತದೆ. ಆದ್ದರಿಂದ ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮತ್ತು ರಾತ್ರಿಯ ಊಟಕ್ಕೆ ಮುಂಚೆ ನೋಡಿ, ಸಮಯದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ, ಊಟದ ನಂತರ 200 ಮಿಲಿಗ್ರಾಂ ದಾಟುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಕಸಿಯಾದ ಆರಂಭದ ತಿಂಗಳುಗಳಲ್ಲಿ ಪೂರ್ತಿ ನಂಬುವಂತಿಲ್ಲ. ರಕ್ತಹೀನತೆ ಅಥವಾ ರಕ್ತ ಪಡೆದಿರುವುದು ಅದರ ಅಂಕಿಯನ್ನು ಕೆಡಿಸುತ್ತದೆ.

ಟ್ಯಾಕ್ರೋಲಿಮಸ್ ಮಟ್ಟದ ರಕ್ತಪರೀಕ್ಷೆಗೆ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ರಾತ್ರಿ ಹೊರಟು ಬೆಂಗಳೂರಿಗೆ ಹೋಗುವವರು, ಆ ದಿನದ ಮಾತ್ರೆಯನ್ನು ಕೈಚೀಲದಲ್ಲಿಟ್ಟುಕೊಂಡು, ರಕ್ತ ಕೊಟ್ಟ ಕೂಡಲೇ ತೆಗೆದುಕೊಳ್ಳಬೇಕು. ಬಸ್ಸು ತಡವಾಗಬಹುದೆಂದು ಹಿಂದಿನ ದಿನದ ಮಾತ್ರೆಯ ಹೊತ್ತನ್ನು ಬದಲಿಸಬಾರದು. ಭೇದಿಯಾದಾಗ ಟ್ಯಾಕ್ರೋಲಿಮಸ್ ಮಟ್ಟ ಏರಬಹುದು. ಎರಡು ದಿನ ನೋಡೋಣವೆಂದು ಕೂರದೆ ಫೋನ್ ಮಾಡಿ.

ಹಿತ್ತಲಿನ ಚಕ್ಕೋತ ಬೇಡವೇ ಬೇಡ, ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು. ಅಕ್ಕಿ ರೊಟ್ಟಿ, ಕಡುಬು, ಗಂಜಿಗಳನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಮೂರು ಹೊತ್ತೂ ಅಕ್ಕಿಯೇ ಆಗದಂತೆ ನೋಡಿಕೊಂಡು, ಪ್ರಮಾಣವನ್ನು ತಗ್ಗಿಸಿ, ಪಲ್ಯ ಮತ್ತು ಕಾಳುಗಳಿಗೆ ತಟ್ಟೆಯಲ್ಲಿ ಹೆಚ್ಚು ಜಾಗ ಕೊಟ್ಟರೆ ಸಾಕಷ್ಟು ಪ್ರಯೋಜನವಿದೆ. ಹಲಸಿನ ಹಣ್ಣಿನ ಕಾಲದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು, ಏಕೆಂದರೆ ಅದರಲ್ಲಿ ಸಕ್ಕರೆಯೊಂದಿಗೆ ಪೊಟ್ಯಾಸಿಯಂ ಕೂಡ ಇದೆ, ಟ್ಯಾಕ್ರೋಲಿಮಸ್ಸೂ ಪೊಟ್ಯಾಸಿಯಂ ಏರಿಸುವಂಥದ್ದು. ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪು ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಬಾವಿಯ ನೀರನ್ನು ಕುದಿಸಿಯೇ ಕುಡಿಯಬೇಕು. ಮಂಡಿನೋವಿಗೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತರಿಸಿಕೊಳ್ಳಬಾರದು. ಸಕ್ಕರೆಗೆಂದು ಕೊಡುವ ನಾಟಿ ಔಷಧಿಯೂ ವೈದ್ಯರಿಗೆ ತಿಳಿಸದೆ ಬೇಡ.

ಒಪ್ಪತ್ತು ಅಥವಾ ಉಪವಾಸ ಮಾಡುವವರು ಇನ್ಸುಲಿನ್ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಬೇಕು. ಬೆವರು, ನಡುಕ ಬಂದು ಸಕ್ಕರೆ 70ಕ್ಕಿಂತ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು.

ಮಳೆಗಾಲದ ವಿಚಾರವನ್ನು ಆಸ್ಪತ್ರೆಯ ಸಾಮಾನ್ಯ ಸೂಚನೆಗಳಲ್ಲಿ ಕಾಣುವುದು ಕಡಿಮೆ, ಆದರೆ ನಮಗೆ ಅದೇ ಮುಖ್ಯ. ಸಕ್ಕರೆಯಿಂದ ಪಾದದ ಸ್ಪರ್ಶ ಕುಂದಿರುತ್ತದೆ, ಕಸಿಯ ಔಷಧಿಯಿಂದ ರೋಗ ತಡೆಯುವ ಶಕ್ತಿ ತಗ್ಗಿರುತ್ತದೆ; ಇವೆರಡೂ ಇರುವವರು ಅಡಿಕೆ ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ನಡೆದರೆ ಸಣ್ಣ ಗೀರು ಕೂಡ ದೊಡ್ಡ ಹುಣ್ಣಾಗಬಹುದು, ಇಲಿ ಜ್ವರವೂ ಅದೇ ದಾರಿಯಲ್ಲಿ ಬರಬಹುದು. ಗಂಬೂಟು ಧರಿಸಿ, ಮನೆಗೆ ಬಂದ ಮೇಲೆ ಬೆರಳುಗಳ ಸಂದಿಯನ್ನು ಒಣಗಿಸಿ, ಪ್ರತಿ ರಾತ್ರಿ ಪಾದದ ಅಡಿಯನ್ನು ಕನ್ನಡಿಯಲ್ಲಿಯಾದರೂ ನೋಡಿಕೊಳ್ಳಿ. ಉಂಬಳ (ಜಿಗಣೆ) ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆಯಿರಿ. ಗೊಬ್ಬರದ ಗುಂಡಿಯ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು. ಕೊಳೆಯುವ ಗೊಬ್ಬರದ ಶಿಲೀಂಧ್ರ ಇಂಥವರಿಗೆ ಅಪಾಯಕಾರಿ.

ಕರೆಂಟು ದಿನಗಟ್ಟಲೆ ಹೋಗುವ ಊರುಗಳಲ್ಲಿ ತೆರೆಯದ ಇನ್ಸುಲಿನ್ನನ್ನು ಹೆಚ್ಚು ಕೂಡಿಡಬೇಡಿ. ಬಳಕೆಯಲ್ಲಿರುವುದನ್ನು ಒಲೆಯ ಬಿಸಿಯಿಂದ ದೂರ, 30 ಡಿಗ್ರಿಗಿಂತ ತಂಪಾದ ಜಾಗದಲ್ಲಿಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ನಿಲ್ಲುತ್ತದೆ.

ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಪಾದದ ನರ ಮತ್ತು ಕೊಲೆಸ್ಟರಾಲ್ ಪರೀಕ್ಷೆ ಆಗಬೇಕು. ಕಿಡ್ನಿಯ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಹಾಗೂ ಮೂತ್ರದ ಪ್ರೋಟೀನನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ನೋಡಿಸಬೇಕು. ಜ್ವರ ಬಂದರೆ ಮನೆಯಲ್ಲಿ ಪ್ಯಾರಸಿಟಮಾಲ್ ನುಂಗಿ ಮಲಗದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಸಿಯಾಗಿರುವುದನ್ನು ಮೊದಲು ಹೇಳಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಾಗಿ ಕಾಣಿಸುವುದರಿಂದ, ಆ ದಿನಗಳಲ್ಲಿ ಕಾಡಿಗೆ ಹೋಗಿದ್ದರೆ ಅದನ್ನೂ ತಿಳಿಸಿ. ಕಸಿ ತಂಡದ ಫೋನ್ ಸಂಖ್ಯೆ, ಔಷಧಿಗಳ ಪಟ್ಟಿ ಮತ್ತು ಸಕ್ಕರೆಯ ಪುಸ್ತಕ ಒಂದೇ ಚೀಲದಲ್ಲಿ, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿರಲಿ.