ಮನವಿ ಪತ್ರದ ಜಾಡು ಹಿಡಿದು: ಕೊಡಗಿನ ಸಂಘಟನೆಗಳನ್ನು ಗಮನಿಸುವ ಬಗೆ

ಎಲ್ಲ ಸಂಘಟನೆಗಳ ಎಲ್ಲ ಮಾತಿಗೂ ಕಿವಿಗೊಟ್ಟರೆ ವಾರದೊಳಗೆ ಸುಸ್ತಾಗುತ್ತೀರಿ. ಒಂದೇ ವಿಷಯ ಹಿಡಿಯಿರಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನೇ ನೋಡಿ: ಕೇಂದ್ರ ಸರ್ಕಾರ ಆರನೇ ಕರಡು ಅಧಿಸೂಚನೆಯನ್ನು 2024ರ ಜುಲೈ 31ರಂದು ಹೊರಡಿಸಿ, ಆಕ್ಷೇಪಣೆಗೆ 60 ದಿನ ಕೊಟ್ಟಿತು. ಕಾಫಿ ಬೆಳೆಗಾರರು, ಪರಿಸರವಾದಿಗಳು, ಹಾಡಿಗಳ (ಕಾಡಂಚಿನ ಬುಡಕಟ್ಟು ವಸತಿಗಳ) ಆದಿವಾಸಿಗಳು, ತೋಟ ಕಾರ್ಮಿಕರು, ಸ್ವಾಯತ್ತತೆ ಕೇಳುವ ಕೊಡವ ನ್ಯಾಷನಲ್ ಕೌನ್ಸಿಲ್, ಇವರೆಲ್ಲರ ನಿಲುವನ್ನೂ ಕಲೆಹಾಕಿ.

ಪತ್ರಿಕಾಗೋಷ್ಠಿಯ ಸುದ್ದಿ ಸಾಲದು. ಜಿಲ್ಲಾಧಿಕಾರಿಗೆ ಸಲ್ಲಿಸಿದ ಮನವಿ ಪತ್ರದ ಪ್ರತಿಯನ್ನೇ ಸಂಘಟನೆಯವರಲ್ಲಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ದಿನಾಂಕ, ಬೇಡಿಕೆ, ಆಧಾರವಾಗಿ ತೋರಿಸಿದ ಕಾನೂನು, ಯಾರಿಗೆ ಲಾಭ. ಮೂರನೆಯದು ಪದೇ ಪದೇ ಖಾಲಿ ಉಳಿದರೆ ಅದಿನ್ನೂ ಘೋಷಣೆಯ ಹಂತದಲ್ಲಿದೆ ಎಂದುಕೊಳ್ಳಿ. ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಹಿಡಿದಿರುವ ಜಮ್ಮಾ ಬಾಣೆ ಜಮೀನಿನ ವಾದ 1964ರ ಭೂಕಂದಾಯ ಕಾಯ್ದೆಯ ಸುತ್ತ ತಿರುಗುತ್ತದೆ, ಹಾಡಿಯವರದು 2006ರ ಅರಣ್ಯ ಹಕ್ಕು ಕಾಯ್ದೆಯ ಸುತ್ತ. ಎರಡನ್ನೂ ಅಕ್ಕಪಕ್ಕ ಇಟ್ಟು ಓದದಿದ್ದರೆ ಭಿನ್ನಾಭಿಪ್ರಾಯ ಎಲ್ಲಿದೆ ಎಂಬುದೇ ತಿಳಿಯದು.

ಎಡವುವುದು ಹೆಚ್ಚಾಗಿ ಫೋನಿನಲ್ಲಿ. ನೀವು ಲೈಕ್ ಒತ್ತಿದ ಗುಂಪಿನ ಮಾತನ್ನೇ ಅದು ಮತ್ತೆ ಮತ್ತೆ ತೋರಿಸುತ್ತದೆ. ಆದ್ದರಿಂದ ಪ್ರತಿ ಸಂಘಟನೆಯ ಪುಟಕ್ಕೂ ವಾರಕ್ಕೊಮ್ಮೆ ನೇರವಾಗಿ ಹೋಗಿ. ವಾಟ್ಸಾಪಿನಲ್ಲಿ ಬಂದ ಪತ್ರಕ್ಕೆ ದಿನಾಂಕವಿಲ್ಲದಿದ್ದರೆ ಪಕ್ಕಕ್ಕಿಡಿ, ಹಳೆಯ ಕರಡಿನ ಮೇಲಿನ ಸಿಟ್ಟು ಹೊಸದೆಂದು ಓಡಾಡುತ್ತಿರುತ್ತದೆ.

ಒಂದು ಗುಂಪಿನ ಬೇಡಿಕೆ ಎದುರಾಳಿ ಗುಂಪಿನ ಮನವಿಯಲ್ಲೂ ಕಾಣಿಸಿತೇ? ಆ ಸಾಲಿಗೆ ಕೆಂಪು ಗೆರೆ ಎಳೆದು, ವಿಧಾನಸಭೆಯ ಪ್ರಶ್ನೋತ್ತರದಲ್ಲಿ ಅದನ್ನೇ ಹುಡುಕಿ.