ಗೇಟ್ ಮುಂದೆ ಯಾರದೋ ಗಾಡಿ: ಜಗಳವಿಲ್ಲದೆ ತೆಗೆಸುವುದು ಹೇಗೆ?

ಬೆಳಿಗ್ಗೆ ಎಂಟು ಗಂಟೆ. ಮಗಳಿಗೆ ಸ್ಕೂಲಿಗೆ ಹೊತ್ತಾಗಿದೆ. ಗೇಟ್ ತೆಗೆದರೆ ಅಡ್ಡಲಾಗಿ ಒಂದು ಬಿಳಿ ಕಾರು. ಹಾರ್ನ್ ಹೊಡೆದರೆ ನಾಲ್ಕು ಮನೆಯ ಕಿಟಕಿಯಲ್ಲಿ ತಲೆ ಕಾಣುತ್ತವೆ, ಕಾರಿನವನ ತಲೆ ಮಾತ್ರ ಕಾಣುವುದಿಲ್ಲ.

ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ಇರುವವರಿಗೆ ಇದು ಹೊಸದಲ್ಲ. 30x40 ಸೈಟಿನಲ್ಲಿ ಮೂರು ಮಹಡಿ, ಆರು ಬಾಡಿಗೆ ಮನೆ, ಕೆಳಗೆ ಒಂದೇ ಕಾರಿಗೆ ಜಾಗ. ಮಿಕ್ಕ ಗಾಡಿಗಳೆಲ್ಲ ಬೀದಿಗೆ. ನಮ್ಮ ಬೀದಿಯಲ್ಲಿ ಈ ಬಿಳಿ ಕಾರಿನ ಜೊತೆಗೆ ಹೊಂಗೆ ಮರದ ಕೆಳಗೆ ಎರಡು ವರ್ಷದಿಂದ ನಿಂತ ಒಂದು ವ್ಯಾನು ಇತ್ತು. ರಾತ್ರಿ ಹನ್ನೊಂದೂವರೆಗೆ ಸರಿಯಾಗಿ ಗುಡುಗುತ್ತಾ ಬರುವ ಒಂದು ಬೈಕೂ ಇತ್ತು. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದು ಠಾಣೆಗೆ ಕೊಟ್ಟಿದ್ದು ನಾನು ಮಾಡಿದ ಮೊದಲ ತಪ್ಪು. ಮೂರಕ್ಕೂ ತಟ್ಟಬೇಕಾದ ಬಾಗಿಲು ಬೇರೆ ಬೇರೆ.

ಮೊದಲು ನಿಮ್ಮ ಹೂಕುಂಡ ಒಳಗಿಡಿ

ಅರ್ಜಿ ಕೊಟ್ಟ ಮೇಲೆ ಬಂದ ಪೊಲೀಸಪ್ಪ ಬಿಳಿ ಕಾರನ್ನು ನೋಡಲೇ ಇಲ್ಲ. ನಮ್ಮ ಕಾಂಪೌಂಡ್ ಪಕ್ಕ ನೋಡಿ ಕೇಳಿದರು: ‘ಈ ಕುಂಡ ಯಾರದ್ದು ಸಾರ್?’

ನಮ್ಮದೇ. ಜಾಗ ಹಿಡಿಯಲು ಇಟ್ಟಿದ್ದು.

ಸಿಮೆಂಟ್ ತುಂಬಿ ಕಂಬಿ ನೆಟ್ಟ ಪೇಂಟ್ ಡಬ್ಬ, ಹಳೇ ಟೈರು, ಕಲ್ಲು, ‘ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಅನ್ನುವ ಬೋರ್ಡು, ಯಾವುದಕ್ಕೂ ಕಾನೂನಿನ ಬೆಲೆ ಇಲ್ಲ. ರಸ್ತೆ ಎಲ್ಲರದ್ದು. ನಿಮ್ಮ ಕಾಂಪೌಂಡ್ ಗೋಡೆಯ ಪಕ್ಕ ಬೇರೆಯವರು ಗಾಡಿ ನಿಲ್ಲಿಸಿದರೆ, ಅಲ್ಲಿ ನೋ ಪಾರ್ಕಿಂಗ್ ಇಲ್ಲದಿದ್ದರೆ, ನಮಗೆ ಎಷ್ಟೇ ಉರಿದರೂ ಅದು ತಪ್ಪಲ್ಲ. ಆದರೆ ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು. ಮನೆಯೊಳಗೆ ಹೋಗಿಬರುವ ದಾರಿಗೆ ಅಡ್ಡವಾಗಿ, ಫುಟ್‌ಪಾತ್ ಮೇಲೆ, ತಿರುವಿನಲ್ಲಿ ನಿಲ್ಲಿಸಬಾರದು ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ. ನಿಮ್ಮ ದೂರು ಗೋಡೆಯದ್ದೋ ಗೇಟಿನದ್ದೋ, ಮೊದಲು ಅದನ್ನು ನೋಡಿಕೊಳ್ಳಿ.

ಅಂದಹಾಗೆ, ಸಿಟ್ಟಿಗೆ ಟೈರಿನ ಗಾಳಿ ತೆಗೆಯುವುದು, ಕನ್ನಡಿ ಮುರಿಯುವುದು ಬೇಡ. ಆಮೇಲೆ ಠಾಣೆಯಲ್ಲಿ ಕೈಕಟ್ಟಿ ನಿಲ್ಲುವವರು ನೀವೇ.

ಮಾತಾಡಿ, ಆದರೆ ಆ ಹೊತ್ತಲ್ಲಲ್ಲ

ಗಾಡಿ ಯಾರದ್ದು ಅಂತ ಮೊದಲು ಗೊತ್ತಾಗಬೇಕು. ಗಾಡಿಗಳ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕರ ಹೆಸರಿನ ಒಂದೆರಡು ಅಕ್ಷರ ಬಿಟ್ಟು ಉಳಿದದ್ದು ಮುಚ್ಚಿರುತ್ತದೆ. ಇನ್ಶೂರೆನ್ಸ್ ಇದೆಯೋ ಮುಗಿದಿದೆಯೋ ಅನ್ನುವುದು ತಿಳಿಯುತ್ತದೆ. ನನ್ನ ಅನುಭವದಲ್ಲಿ ಆಪ್‌ಗಿಂತ ಬೀದಿಯ ಇಸ್ತ್ರಿ ಗಾಡಿಯವರು ವಾಸಿ. ಯಾರ ಮನೆಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವರಿಗೆ ಬಾಯಿಪಾಠ.

ಗಾಡಿ ಅಡ್ಡ ನಿಂತಾಗ, ಮೈ ಉರಿಯುತ್ತಿರುವಾಗ ಹೋಗಿ ಬಾಗಿಲು ಬಡಿಯಬೇಡಿ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಹೋಗಿ, ಒಬ್ಬರೇ. ಐದು ಜನ ಒಟ್ಟಿಗೆ ಹೋದರೆ ಎದುರಿನವರಿಗೆ ಅದು ಪಂಚಾಯಿತಿ ಅನಿಸುತ್ತದೆ, ಮಾತು ಅಲ್ಲೇ ಕೆಡುತ್ತದೆ. ‘ಯಾವಾಗಲೂ ನೀವು ಹೀಗೇ’ ಅಂತ ಶುರು ಮಾಡುವ ಬದಲು ಕೇಳಬೇಕಾದ್ದನ್ನು ಮಾತ್ರ ಕೇಳಿ: ‘ಬೆಳಿಗ್ಗೆ ಎಂಟಕ್ಕೆ ಮಗಳನ್ನ ಸ್ಕೂಲಿಗೆ ಬಿಡಬೇಕು ಸಾರ್. ರಾತ್ರಿ ಗಾಡಿ ಹಾಕುವಾಗ ನಮ್ಮ ಗೇಟ್ ಬಿಟ್ಟು ಒಂಚೂರು ಮುಂದೆ ಹಾಕ್ತೀರಾ?’ ಬಿಳಿ ಕಾರಿನವರ ಜೊತೆ ನಮ್ಮ ಗಲಾಟೆ ಮುಗಿದಿದ್ದು ಇಷ್ಟರಲ್ಲೇ. ಅವರಿಗೆ ಅದು ಬಳಸುವ ಗೇಟು ಅಂತಲೇ ಗೊತ್ತಿರಲಿಲ್ಲ, ಏಕೆಂದರೆ ಕುಂಡಗಳಿದ್ದವಲ್ಲ.

ಬಾಡಿಗೆಯವರಾದರೆ ಮೊದಲು ಅವರಿಗೇ ಹೇಳಿ. ಕೇಳದಿದ್ದರೆ ಆಮೇಲೆ ಮನೆ ಓನರ್‌ಗೆ. ನೇರ ಓನರ್ ಹತ್ತಿರ ಹೋದರೆ ಬಾಡಿಗೆಯವರಿಗೆ ಹಗೆ ಉಳಿಯುತ್ತದೆ. ಕುಡಿದು ಕೂಗಾಡುವವರು, ಹೆದರಿಸುವವರು ಇದ್ದರೆ ಈ ಹಂತ ಪೂರ್ತಿ ಬಿಟ್ಟುಬಿಡಿ. ಅಲ್ಲಿ ಒಳ್ಳೇತನ ತೋರಿಸಲು ಹೋಗುವುದು ದಡ್ಡತನ.

ಒಂದು ನೋಟ್‌ಬುಕ್ ಇರಲಿ

ಮಾತಿಗೆ ಬಗ್ಗದಿದ್ದರೆ ಬರೆದಿಡಲು ಶುರು ಮಾಡಿ. ‘ದಿನಾ ತೊಂದರೆ ಕೊಡ್ತಾರೆ’ ಅಂದರೆ ಠಾಣೆಯಲ್ಲಿ ತಲೆಯಾಡಿಸಿ ಕಳಿಸುತ್ತಾರೆ. ‘ಮಂಗಳವಾರ, ರಾತ್ರಿ 11.35ರಿಂದ 11.50, ಬೈಕ್ ನಿಂತಲ್ಲೇ ರೇಸ್ ಮಾಡಿದರು’ ಎಂಬಂಥ ಹತ್ತು ಸಾಲು ಇದ್ದರೆ ಕೂರಿಸಿ ಕೇಳುತ್ತಾರೆ. ಫೋಟೊದಲ್ಲಿ ನಂಬರ್ ಪ್ಲೇಟ್ ಮತ್ತು ನಿಮ್ಮ ಗೇಟು ಎರಡೂ ಒಟ್ಟಿಗೆ ಕಾಣಬೇಕು. ಬರೀ ನಂಬರ್ ಪ್ಲೇಟ್ ಫೋಟೊದಿಂದ ಗಾಡಿ ಎಲ್ಲಿ ನಿಂತಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಅವರ ಮನೆಯೊಳಗೆ, ಮಕ್ಕಳ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಬೀದಿಯ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ಅಲ್ಲಿಂದ ಶುರುವಾಗುವ ಜಗಳ ಗಾಡಿಯ ಜಗಳಕ್ಕಿಂತ ದೊಡ್ಡದು.

ಯಾವುದಕ್ಕೆ ಯಾವ ಬಾಗಿಲು?

ಗೇಟಿಗೆ ಈಗಲೇ ಅಡ್ಡ ನಿಂತಿದೆ, ಆಸ್ಪತ್ರೆಗೆ ಹೋಗಬೇಕು: 112ಕ್ಕೆ ಫೋನ್ ಮಾಡಿ. ಅಷ್ಟು ಅವಸರ ಇಲ್ಲದಿದ್ದರೆ ನಿಮ್ಮ ಏರಿಯಾದ ಸಂಚಾರ ಠಾಣೆ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರ ‘ಅಸ್ತ್ರಂ’ ಆಪ್‌ನಿಂದಲೂ ಫೋಟೊ ಹಾಕಿ ದೂರು ಕೊಡಬಹುದು. ಮಾಮೂಲಿ ಠಾಣೆಗೆ ಹೋದರೆ ‘ಇದು ಟ್ರಾಫಿಕ್‌ನವರದ್ದು’ ಅಂತ ವಾಪಸ್ ಕಳಿಸುವುದೇ ಜಾಸ್ತಿ.

ರಾತ್ರಿ ಸದ್ದು: ಇಲ್ಲಿ ಸಮಯವೇ ನಿಮ್ಮ ಬಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಆ ಹೊತ್ತಲ್ಲಿ ಬಯಲಲ್ಲಿ ಸ್ಪೀಕರ್ ಹಾಕುವಂತಿಲ್ಲ, ವಾಸದ ಬೀದಿಯಲ್ಲಿ ಹಾರ್ನ್ ಕೂಡ ಹೊಡೆಯುವಂತಿಲ್ಲ. ಮೊಬೈಲ್ ಆಪ್‌ನಲ್ಲಿ ಅಳೆದ ಡೆಸಿಬಲ್ ಲೆಕ್ಕ ಪಕ್ಕಾ ಅಲ್ಲ, ಅದನ್ನೇ ಹಿಡಿದು ವಾದ ಮಾಡಬೇಡಿ. ಸದ್ದು ಆಗುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ, ಹತ್ತಿರದ ಗುರುತು ಹೇಳಿ, ‘ನನ್ನ ಹೆಸರು ಅವರ ಮುಂದೆ ಹೇಳಬೇಡಿ’ ಎಂದು ಕೇಳಿಕೊಳ್ಳಿ. ಗಸ್ತು ಗಾಡಿ ಬರುವಷ್ಟರಲ್ಲಿ ಸದ್ದು ನಿಂತಿದ್ದರೂ ನಿಮ್ಮ ಕರೆ ದಾಖಲಾಗಿರುತ್ತದೆ, ಮುಂದಿನ ಅರ್ಜಿಗೆ ಅದು ಬೇಕು.

ಬದಲಾಯಿಸಿದ ಸೈಲೆನ್ಸರ್ ಇರುವ ಬೈಕ್ ಮಾತ್ರ ಮತ್ತೆ ಸಂಚಾರ ಪೊಲೀಸರದ್ದು. ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ನಮ್ಮ ಬೀದಿಯ ಹುಡುಗನಿಗೆ ಈ ಅಂಕಿ ತಿಳಿಸಿದವರು ಪಿಜಿ ನಡೆಸುವ ಆಂಟಿ. ಮಾರನೇ ವಾರ ಬೈಕ್ ಬಂದಿದ್ದೇ ಗೊತ್ತಾಗಲಿಲ್ಲ.

ರಸ್ತೆಯಲ್ಲಿ ಸುರಿದ ಮರಳು, ಜಲ್ಲಿ, ಕಸ, ಜಾಗ ಹಿಡಿಯಲು ಇಟ್ಟ ಕಲ್ಲು ಇವೆಲ್ಲ ಪಾಲಿಕೆಗೆ ಸೇರಿದ್ದು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವುದರಲ್ಲಿದೆ ಎಂದು ನೋಡಿಕೊಂಡು ಹೋಗಿ.

ಅರ್ಜಿಗೆ ಸೀಲು, ಆಮೇಲೆ ಹಿಂಬರಹ

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಒಂದು ಪುಟದಲ್ಲಿ, ಒಂದೇ ವಿಷಯ ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ನಾಲ್ಕು ಮನೆಯವರ ಸಹಿ ಇದ್ದರೆ ಅರ್ಜಿಗೆ ತೂಕ ಬರುತ್ತದೆ. ಏನು ಮಾಡಿದಿರಿ ಎಂದು ಕೇಳಿ ಹಿಂಬರಹ, ಅಂದರೆ ಅವರ ಲಿಖಿತ ಉತ್ತರ, ಪಡೆಯುವುದನ್ನು ಮರೆಯಬೇಡಿ, ಮೇಲಿನವರ ಹತ್ತಿರ ಹೋಗಬೇಕಾದರೆ ಮೊದಲು ಕೇಳುವುದೇ ಅದನ್ನು.

ಅದಕ್ಕೂ ಆಗದಿದ್ದರೆ ಎರಡು ದಾರಿ. ಬೀದಿಗೇ ತೊಂದರೆಯಾಗುವಂಥದ್ದನ್ನು ತೆರವು ಮಾಡಿಸಲು ಉಪವಿಭಾಗಾಧಿಕಾರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್‌ನಲ್ಲಿ ಅಧಿಕಾರವಿದೆ. ಎರಡು ಮನೆಗಳ ನಡುವಿನ ತಕರಾರಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ, ದುಡ್ಡು ಖರ್ಚಿಲ್ಲ. ಸಹಾಯವಾಣಿ 15100.

ಇನ್ನು ಆ ವ್ಯಾನು

ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆಗಿಂತ ಜಾಸ್ತಿ ವಾರಸುದಾರರಿಲ್ಲದೆ ಬಿಟ್ಟ ಗಾಡಿಯನ್ನು ತೆಗೆಸಲು ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪೊಲೀಸರಿಗೆ ಅಧಿಕಾರ ಕೊಡುತ್ತದೆ. ನಮ್ಮದು ಎರಡು ವರ್ಷ. ನಾಲ್ಕೂ ಟೈರು ನೆಲಕ್ಕೆ ಕೂತು, ಬಾನೆಟ್ ಮೇಲೆ ಹೊಂಗೆ ಹೂವು ಕೊಳೆತು, ಅಡಿಯಲ್ಲಿ ನಾಯಿ ಎರಡು ಸಲ ಮರಿ ಹಾಕಿತ್ತು. ವ್ಯಾನಿಗೆ ಬೇರೆ ಅರ್ಜಿ ಕೊಡುವ ಮೊದಲು ಇಸ್ತ್ರಿಯವರನ್ನು ಕೇಳಿದೆ. ಗಾಡಿ ಮೂಲೆ ಮನೆಯ ಅಂಕಲ್‌ದು. ಅವರು ತೀರಿಕೊಂಡಿದ್ದರು. ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದ್ದುದರಿಂದ ಗುಜರಿಯವರು ಮುಟ್ಟುತ್ತಿರಲಿಲ್ಲ, ಮಗನಿಗೆ ಆರ್‌ಟಿಒ ಅಂದರೆ ಭಯ. ಮಾಲೀಕರು ತೀರಿಕೊಂಡಾಗ ಹೆಸರು ಬದಲಾಯಿಸಲು ಫಾರಂ 31 ಇದೆ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ ಜೊತೆಗೆ ಕೊಡಬೇಕು. ಒಂದು ಸಂಜೆ ಕೂತು ಇಬ್ಬರೂ ಅದನ್ನು ತುಂಬಿದೆವು.

ಕೆಲಸ ಮುಗಿದ ಮೇಲೆ ವ್ಯಾನು ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ, ಹೊಂಗೆ ಮರದ ಕೆಳಗೆ, ಯಾರೋ ಎರಡು ಹೂಕುಂಡ ಇಟ್ಟಿದ್ದರು.